ಸೆರಗಿನಲ್ಲಿ ಒಯ್ದ ಹಸಿರು ಖಣ

ಸುಧಾ, ಬಸು,

ಹೋದ ವಾರ ಕೌದಿ ಹೊಲಿಯಲು ಹಳೆ ಬಟ್ಟೆ ಬೇಕಾಗಿ ಟ್ರಂಕು ತೆಗೆದೆ. ಡಾಂಬರು ಗುಳಿಗೆಯ ಘಾಟಿನ ಕೆಳಗಿಂದ ಗಂಜಿ ಹಾಕಿದ ಹೊಸ ಖಣದ ವಾಸನೆ ಬಂತು. ತಳದಲ್ಲಿ ಅದು ಇತ್ತು. ಹಸಿರು ಮೈ, ಕೆಂಪು ಅಂಚು, ಮಡಿಕೆ ಬಿಚ್ಚದ ಕುಬುಸದ ಖಣ. ಅದು ಅಲ್ಲೇ ಇದೆಯೆಂದು ನನಗೆ ಗೊತ್ತಿತ್ತು. ಆದರೂ ಕೈ ತಗುಲಿದ ಕೂಡಲೇ ಹಾವು ಮುಟ್ಟಿದವಳಂತೆ ಹಿಂದಕ್ಕೆ ಎಳೆದುಕೊಂಡೆ.

ಸುಧಾ, ಅದೇ ದಿನ ಸಂಜೆ ನಿನ್ನ ಫೋನು ಬಂತು. "ಆಯಿ, ನನಗ ಐದ ತಿಂಗಳಾತು, ಕುಬುಸದ ಕಾರ್ಯಕ್ಕ ಮೊದಲ ಉಡಿ ನೀನ ತುಂಬಬೇಕು. ಅವ್ವ ಏನರ ಅನ್ನಲಿ. ಬಸವಣ್ಣನ ಮನಿಯಾಗ ಗಂಡ ಇದ್ದಾಕಿ, ಗಂಡ ಸತ್ತಾಕಿ ಅಂತ ಭೇದ ಎಲ್ಲೈತಿ?" ಎಂದೆ ನೀನು. ನಾನು "ಬ್ಯಾಡವಾ" ಎಂದು ಫೋನು ಇಟ್ಟುಬಿಟ್ಟೆ. ನಿನಗೆ ಸಿಟ್ಟು ಬಂದಿದೆ ಎಂದು ನಿನ್ನವ್ವ ಹೇಳಿದಳು. ವಿಧವೆಯೆಂಬ ಅಂಜಿಕೆಗೆ ನಾನು ಹಿಂಜರಿದೆ ಎಂದು ನೀವೆಲ್ಲ ತಿಳಿದಿದ್ದೀರಿ. ಅದು ಖರೆಯಲ್ಲ. ನಿಮ್ಮ ಅಜ್ಜ ತೀರಿಕೊಳ್ಳುವುದಕ್ಕೆ ನಾಲ್ಕು ವರ್ಷ ಮೊದಲೇ ನಾನು ಉಡಿ ತುಂಬುವುದನ್ನು ಬಿಟ್ಟಿದ್ದೆ. ಕುಂಕುಮ ಹಣೆಯ ಮೇಲೆ ಇದ್ದಾಗಲೇ ಬಿಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಾತಾಡುವುದು ನನಗೆ ಮೊದಲಿನಿಂದಲೂ ಕಷ್ಟ. ಬರೆಯುವುದು ಸ್ವಲ್ಪ ಹಗುರ. ಕಲಿತದ್ದು ನಮ್ಮೂರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ, ತಪ್ಪುಗಳನ್ನು ತಿದ್ದಿಕೊಂಡು ಓದಿರಿ.

ಅದು ಹೊಳೆ ಬಂದ ವರ್ಷ. ಶ್ರಾವಣದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಘಟಪ್ರಭೆ ಗೋಕಾಕದ ಓಣಿಗಳೊಳಗೆ ನುಗ್ಗಿತು. ಆ ಕಡೆ ಹುಕ್ಕೇರಿಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ನೀರುಂಡು ನೀರುಂಡು, ಮಳೆ ನಿಂತು ಬಿಸಿಲು ಬಿದ್ದ ದಿನ ಕುಸಿದವು. ಮೂಡಲಗಿಯಲ್ಲಿ ನಮ್ಮ ಮನೆಗೆ ಏನೂ ಆಗಲಿಲ್ಲ. ನಾವು ಓಣಿಯ ಹೆಂಗಸರು ಕೂಡಿ ರೊಟ್ಟಿ ಬಡಿದು ಬಡಿದು ಸಾಲೆಯಲ್ಲಿ ಇಳಿದುಕೊಂಡಿದ್ದ ಜನಕ್ಕೆ ಕಳಿಸುತ್ತಿದ್ದೆವು. ನಿಮ್ಮ ಅಜ್ಜ ದಿನಾ ಮುಂಜಾನೆ ರೆಕ್ಸಿನ್ ಚೀಲ ಹೆಗಲಿಗೆ ಹಾಕಿ ಬೈಕು ಹತ್ತಿ ಹೋಗುತ್ತಿದ್ದರು. ಬರುವಾಗ ಮೊಣಕಾಲಿನವರೆಗೆ ಕೆಸರು. ಒಂದು ದಿನ ಬಂದು, "ಫಾಲ್ಸ್ ಕಡೆ ಹೋಗಿದ್ನಿ. ಕೆಂಪ ನೀರು ಬೀಳೂದ ನೋಡಾಕ ಮಂದಿ ಛತ್ರಿ ಹಿಡಕೊಂಡು ನಿಂತಾರ. ಫೋಟೋ ಹೊಡಕೊಂತಾರ. ಅದ ನೀರು ಯಾರ್ದೋ ಅಡಿಗಿಮನಿ ತೊಳಕೊಂಡು ಹೊಂಟೈತಿ," ಎಂದು ಹೇಳಿ ಊಟ ಮಾಡದೆ ಮಲಗಿದ್ದರು.

ಅವರ ಪತ್ರಿಕೆ ನಿಮಗೆ ನೆನಪಿರಬೇಕು. ವಾರಕ್ಕೊಮ್ಮೆ, ನಾಲ್ಕೇ ಪುಟ, ಗೋಕಾಕದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚು. ಮೊದಲು ದೊಡ್ಡ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದರು. ಬರೆದದ್ದರಲ್ಲಿ ಅರ್ಧ ಬರುವುದಿಲ್ಲ, ಬರಬಾರದ ಅರ್ಧ ಬರುತ್ತದೆ ಎಂದು ಬಿಟ್ಟರು. ಓಣಿಯವರು ಅವರಿಗೆ "ನಾಕ ಪುಟದ ಸಾಹೇಬ್ರು" ಎಂದು ಹೆಸರಿಟ್ಟಿದ್ದರು. ಅವರೇ ನಗುತ್ತಿದ್ದರು: "ನನ್ನ ಪೇಪರಿನಷ್ಟು ಉಪಯೋಗ ಯಾವ ಪೇಪರೂ ಇಲ್ಲ. ಮೊದಲ ಓದಾಕ, ಆಮ್ಯಾಲ ಭಜಿ ಕಟ್ಟಾಕ."

ನೀರು ಇಳಿದ ಮೇಲೆ ಬಿದ್ದ ಮನೆಗಳ ಪಟ್ಟಿ ಮಾಡಲು ಸರ್ಕಾರದವರು ಬಂದರು. ಗೋಡೆಯ ಫೋಟೋ ತೆಗೆದು, ಹೆಸರಿನ ಜೊತೆ ಕಂಪ್ಯೂಟರಿಗೆ ಏರಿಸಬೇಕು. ಯಾರ ಹೆಸರು ಏರುತ್ತದೋ ಅವರಿಗೆ ಮನೆ. ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ ಆ ಕೆಲಸ ಮಾಡುತ್ತಿದ್ದವಳು ನೀಲವ್ವ. ಹಾಲುಮತದವರ ಹುಡುಗಿ, ಮದುವೆಯಾಗಿ ಎರಡು ವರ್ಷ, ಗುತ್ತಿಗೆಯ ಕೆಲಸ. ಆ ಊರಿನ ಹೆಸರು ನಾನು ಬರೆಯುವುದಿಲ್ಲ. ಕಚೇರಿಯದೂ ಬೇಡ.

ನವರಾತ್ರಿಯ ಶುಕ್ರವಾರ ಅವಳು ನಮ್ಮ ಮನೆಗೆ ಬಂದಳು. ಯಾರೆಂದು ಅಜ್ಜ ನನಗೆ ಹೇಳಿರಲಿಲ್ಲ. ಹಾಗೆ ಹೇಳುವ ಪದ್ಧತಿ ಅವರಿಗಿರಲಿಲ್ಲ. "ಒಬ್ಬಾಕಿ ಬರತಾಳ, ಒಳಗ ಕರಿ, ಹೆಸರು ಕೇಳಬ್ಯಾಡ," ಎಂದಿದ್ದರು ಅಷ್ಟೆ. ದೇವಿಯ ಗುಡಿಗೆ ಹೋಗಿಬರುತ್ತೇನೆಂದು ಮನೆಯಲ್ಲಿ ಹೇಳಿ ಎರಡು ಬಸ್ಸು ಬದಲಿಸಿ ಬಂದಿದ್ದಳು. ತೆಳ್ಳಗಿನ ಹುಡುಗಿ, ಸೆರಗು ತಲೆ ತುಂಬ ಹೊದ್ದಿದ್ದಳು. ಪಡಸಾಲೆಯಲ್ಲಿ ಕೂತು ಚೀಲದಿಂದ ಕಾಗದ ತೆಗೆದಳು. ನಾನು ಚಹಾ ಇಡಲು ಒಳಗೆ ಹೋದೆ. ಮಾತು ಕೇಳಿಸುತ್ತಿತ್ತು.

"ನೋಡ್ರಿ ಕಾಕಾ, ಇದೂ ಅದ ಗ್ವಾಡಿ. ಇದೂ ಅದ. ಆ ಗೂಟಕ್ಕ ಸಾಲಿ ಹುಡುಗರ ಕೆಂಪ ಪಾಟಿಚೀಲ ಜೋತ ಬಿದ್ದೈತಲ್ರಿ, ಎಲ್ಲಾದರಾಗೂ ಐತಿ. ಒಂದ ಗ್ವಾಡಿ, ಆ ಕಡಿಂದ ಈ ಕಡಿಂದ ಫೋಟೋ ಹೊಡದು ಎಷ್ಟೋ ಮಂದಿ ಹೆಸರಿಗೆ ಹಚ್ಚಿಸ್ಯಾರ. ಅವರ ಮನಿ ಎಲ್ಲಾ ಗಟ್ಟಿ ನಿಂತಾವು."

"ಗ್ವಾಡಿ ಖರೆ ಯಾರದು?"

"ನಮ್ಮ ಓಣಿ ದ್ಯಾಮವ್ವಾಯಿದು. ಅಕಿ ಹೆಸರು ಪಟ್ಟಿದಾಗ ಇಲ್ರಿ."

ಅಜ್ಜ ಕಾಗದ ಮಗುಚುವ ಸದ್ದು ಬಂತು. ಆಮೇಲೆ ಅವಳೇ ಹೇಳಿದಳು: "ಏರಿಸು ಅಂತ ಊರ ಹಿರ್ಯಾರು ನನಗ ಹೇಳತಾರ್ರಿ. ನಾನ ಏರಿಸೇನಿ. ಒಲ್ಲೆ ಅಂದ್ರ ಕೆಲಸ ಹೋಗತೈತಿ. ಆದ್ರ ಆ ಮುದುಕಿ ದಿನಾ ಬಂದು, ನೀಲವ್ವಾ, ನನ್ನ ಹೆಸರು ಬಂತೇನವಾ ಅಂತ ಕೇಳತಾಳ. ನನಗ ಅನ್ನ ಇಳೀವಲ್ತು. ಕಾಕಾ, ನನ್ನ ಹೆಸರು ಮಾತ್ರ..."

"ನನ್ನ ಬಾಯಿಂದ ಬರಾಂಗಿಲ್ಲ. ಪ್ರಾಣ ಹೋದ್ರೂ ಬರಾಂಗಿಲ್ಲ," ಎಂದರು ನಿಮ್ಮ ಅಜ್ಜ.

ಅವಳು ಹೊರಟು ನಿಂತಳು. ಇಲ್ಲಿ ನಾನು ಬರುತ್ತೇನೆ ಈ ಕಥೆಯೊಳಗೆ. ನವರಾತ್ರಿಯ ಶುಕ್ರವಾರ, ಮೊದಲ ಸಲ ಮನೆಗೆ ಬಂದ ಹೆಣ್ಣುಮಗಳು, ಬರಿಗೈಯಲ್ಲಿ ಹೇಗೆ ಕಳಿಸಲಿ? ಅದರ ಹಿಂದಿನ ಬೇಸಿಗೆ ನಿಮ್ಮ ಸೋಮು ಮಾಮಾನ ಮದುವೆ ಆಗಿತ್ತು. ಬೀಗರ ಕಡೆಯ ಹೆಂಗಸರಿಗೆ, ನಮ್ಮ ಕಡೆಯವರಿಗೆ ಕೊಡಲೆಂದು ಗುಳೇದಗುಡ್ಡದ ನೇಕಾರರಿಗೆ ಹೇಳಿ ಒಂದೇ ನಮೂನೆಯ ಹಸಿರು ಖಣ ನೇಯಿಸಿದ್ದೆ. ಅಂಚಿನಲ್ಲಿ ಸಣ್ಣ ತೇರು. ಎರಡು ಉಳಿದಿದ್ದವು. ಒಂದನ್ನು ತೆಗೆದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ, ಮೇಲೆ ಖಣ. ಕುಂಕುಮ ಹಚ್ಚಿ ಉಡಿ ತುಂಬಿದೆ. ಹುಡುಗಿಯ ಕಣ್ಣು ತುಂಬಿತು. "ನನ್ನ ತವರಾಗ ಅವ್ವ ಇಲ್ರಿ. ಲಗ್ನದ ಮ್ಯಾಲ ಯಾರೂ ಉಡಿ ತುಂಬಿಲ್ಲ," ಎಂದಳು.

ಹೊಸ್ತಿಲು ದಾಟುವ ಮೊದಲು ಅವಳು ಎಲ್ಲವನ್ನೂ ತೆಗೆದು ಚೀಲದಲ್ಲಿ ಹಾಕಲು ಹೋದಳು. ಜಾಣ ಹುಡುಗಿ, ಅದು ಯಾರ ಕಣ್ಣಿಗೂ ಬೀಳಬಾರದೆಂದು ಅವಳಿಗೆ ತಿಳಿದಿತ್ತು. ನಾನು ತಡೆದೆ.

"ಏ, ಉಡಿ ಚೀಲದಾಗ ಹಾಕಬಾರದವಾ. ಸೆರಗಿನಾಗ ಕಟಗೊಂಡು ಮನಿತನಕ ಒಯ್ಯಬೇಕು. ದೇವರ ಮುಂದ ಬಿಚ್ಚಬೇಕು."

"ಹೌದ್ರಿ ಅಕ್ಕಾರ?" ಎಂದು ಅವಳು ಅಜ್ಜನ ಕಡೆ ನೋಡಿದಳು. ಅಜ್ಜ ಕಾಗದ ನೋಡುತ್ತ ಕೂತಿದ್ದರು, ತಲೆ ಎತ್ತಲಿಲ್ಲ. ಅವಳು ಸೆರಗಿನಲ್ಲಿ ಕಟ್ಟಿಕೊಂಡಳು. ಖಣದ ಕೆಂಪು ಅಂಚು ಹೊರಗೆ ಇಣುಕುತ್ತಿತ್ತು. ನಾನೇ ಅದನ್ನು ಚಂದ ಕಾಣಲಿ ಎಂದು ನೆಟ್ಟಗೆ ಮಾಡಿದೆ.

ದಸರೆಯ ಮರುವಾರ ಪತ್ರಿಕೆ ಬಂತು. ಮೊದಲ ಪುಟದಲ್ಲಿ ಒಂದೇ ಗೋಡೆಯ ಆರು ಫೋಟೋ, ಆರಕ್ಕೂ ಬೇರೆ ಬೇರೆ ಹೆಸರು, ಆರರಲ್ಲೂ ಆ ಕೆಂಪು ಪಾಟಿಚೀಲ. ಕೆಳಗೆ ದ್ಯಾಮವ್ವ ಹೊದಿಕೆ ಹೊದ್ದು ಗುಡಿಯ ಕಟ್ಟೆಯ ಮೇಲೆ ಕೂತ ಫೋಟೋ. ಯಾರು ಕಾಗದ ಕೊಟ್ಟರೆಂದು ಒಂದು ಅಕ್ಷರ ಇರಲಿಲ್ಲ. ಗೋಕಾಕದಿಂದ ಕೌಜಲಗಿಯವರೆಗೆ ಚಹಾದಂಗಡಿಗಳಲ್ಲಿ ಜನ ಅದನ್ನು ಓದಿದರು. ಫೋನಿನಿಂದ ಫೋನಿಗೆ ಕಳಿಸಿದರು. ಎರಡು ದಿನ ಅಜ್ಜ ಹಗುರವಾಗಿ ಓಡಾಡಿದರು. ಮೂರನೆಯ ದಿನ ಒಂದು ಫೋನು. "ಸಾಹೇಬ್ರ, ರಸ್ತೆಕ ಕಬ್ಬಿನ ಟ್ರ್ಯಾಕ್ಟರು ಭಾಳ ಆಗ್ಯಾವು. ನೀವು ಬೈಕಿನ ಮ್ಯಾಲ ಒಬ್ಬರ ಅಡ್ಡಾಡತೀರಿ." ಬಹಳ ಮರ್ಯಾದೆಯ ದನಿ. ಪ್ರೆಸ್ಸಿನವನು ಮಷೀನು ಕೆಟ್ಟಿದೆ ಎಂದ. ಜಾಹೀರಾತು ಕೊಡುತ್ತಿದ್ದ ಬೀಜದಂಗಡಿಯವನು ಎದುರು ಬಂದರೆ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳಲು ಬಗ್ಗುತ್ತಿದ್ದ.

ನಾನು, "ಸೋಮುನ್ನ ಕರಕೊಂಡು ಹೋಗ್ರಿ," ಎಂದೆ. "ಅವನ್ನೂ ಯಾಕ?" ಎಂದರು ಅಜ್ಜ.

ದೀಪಾವಳಿಗೆ ಎಂಟು ದಿನ ಇರುವಾಗ, ಗೋಕಾಕದಿಂದ ಬರುವ ದಾರಿಯಲ್ಲಿ, ಎರಡೂ ಕಡೆ ಕಬ್ಬು ನಿಂತ ಕಡೆ, ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಗಾಡಿ ಅಡ್ಡ ಬಂತು. ನಾಲ್ಕು ಜನ. ಬೈಕಿನಿಂದ ಎಳೆದು ಕೆನಾಲಿನ ಒಡ್ಡಿನ ಮೇಲೆ ಕೂಡಿಸಿದರು. ಒಬ್ಬ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದ. "ಪಟ್ಟಿ ಯಾರು ಕೊಟ್ರು, ಹೆಸರು ಹೇಳು," ಎಂದರು. "ನಾನ ತಗದೆ," ಎಂದರು ಅಜ್ಜ. ಬಲಗೈಯನ್ನು ಮೈಲುಗಲ್ಲಿನ ಮೇಲೆ ಇಡಿಸಿದರು. ಪ್ರತಿ ಬೆರಳಿಗೂ ಒಮ್ಮೆ ಕೇಳಿದರಂತೆ. ಪ್ರತಿ ಸಲವೂ ಅಜ್ಜ "ನಾನ ತಗದೆ" ಎಂದರು. ಕೊನೆಗೆ ವಿಡಿಯೋದವನು ಫೋನು ಕಿಸೆಗೆ ಹಾಕಿಕೊಂಡು ನಕ್ಕ.

"ಸಾಕು ಬಿಡ್ರಲೇ. ಹೆಸರು ನಮಗ ಮೊದಲ ಗೊತ್ತೈತಿ. ನಿನ್ನ ಬಾಯಿಂದ ಹೊರಡತೈತೇನು ನೋಡಿದ್ವಿ, ಮಂದಿಗೆ ತೋರಸಾಕ. ಮಗನ ಲಗ್ನದ ಖಣ ಉಡಿಗೆ ಹಾಕಿ ಕಳಿಸೀರಿ, ಇನ್ನ ಮುಚ್ಚೂದೇನೈತಿ?"

ಇದೆಲ್ಲ ನನಗೆ ಗೊತ್ತಾದದ್ದು ಗೋಕಾಕದ ದವಾಖಾನೆಯಲ್ಲಿ. ಕೈಗೆ ಮೊಣಕೈವರೆಗೆ ಪಟ್ಟಿ ಸುತ್ತಿದ್ದರು. ತುಟಿ ಒಡೆದಿತ್ತು. ನಾನು ಹಾಸಿಗೆಯ ಅಂಚಿನಲ್ಲಿ ಕೂತೆ. ಅವರು ಮೇಲಿನ ಪಂಖಾ ನೋಡುತ್ತ ಕೇಳಿದರು:

"ಅಕಿಗೆ ಉಡಿಯಾಗ ಏನ ಹಾಕಿದ್ದಿ?"

"ಸೋಮುನ ಲಗ್ನದ ಖಣ್ರಿ. ಹಸರದು."

ನೀಲವ್ವನ ಊರಿನಲ್ಲಿ ಆ ಪಟ್ಟಿ ಮಾಡಿಸಿದ ಮುಖಂಡನ ಹೆಂಡತಿ ನಮ್ಮ ಬೀಗರ ಓಣಿಯವಳು. ಮದುವೆಗೆ ಬಂದಿದ್ದಳು. ಅದೇ ಖಣ ಅವಳಿಗೂ ನನ್ನ ಕೈಯಿಂದಲೇ ಹೋಗಿತ್ತು. ನೀಲವ್ವ ಬಸ್ಸು ಇಳಿದು ಸೆರಗು ತುಂಬಿಕೊಂಡು ಓಣಿಯಲ್ಲಿ ನಡೆದು ಹೋದಾಗ ಅವಳು ಕಟ್ಟೆಯ ಮೇಲೆ ಕೂತಿದ್ದಳು. ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ. ಪತ್ರಿಕೆ ಬಂದ ದಿನ ಅವಳಿಗೆ ಆ ಖಣ ನೆನಪಾಯಿತು.

ಬೈಯಲಿ ಎಂದು ಕಾದೆ. ಅವರು ಎಡಗೈಯಿಂದ ನನ್ನ ಸೆರಗಿನ ತುದಿ ಹಿಡಿದು, "ಮನಿಗೆ ಬಂದ ಹೆಣ್ಮಗಳು. ನೀ ಮಾಡಿದ್ದು ಛಲೋನ ಐತಿ," ಎಂದರು. ಆ ಮಾತು ಇವತ್ತಿಗೂ ನನ್ನನ್ನು ಸುಡುತ್ತದೆ. ಅದರ ನಂತರ ಅವರು ಸಾಯುವವರೆಗೆ ಆ ವಿಷಯ ಎತ್ತಲಿಲ್ಲ.

ಪೊಲೀಸರು ಬಂದು ಬರೆದುಕೊಂಡರು. ಓದಿ ನೋಡಿದರೆ, ಬೈಕು ಜಾರಿ ಬಿದ್ದು ಗಾಯ ಎಂದಿತ್ತು. ಸೋಮು ಕೂಗಾಡಿದ. "ಮೈಲುಗಲ್ಲು ತಾನ ಎದ್ದು ಬಂದು ಬಡೀತೇನ್ರಿ?" ಎಂದ. "ಸಾಕ್ಷಿ ತಗೊಂಡ ಬಾ," ಎಂದರು. ಕಬ್ಬು ಸಾಕ್ಷಿ ಹೇಳುವುದಿಲ್ಲ.

ದೀಪಾವಳಿಯ ಪಾಡ್ಯದ ಮರುದಿನ ನೀಲವ್ವನನ್ನು ಹಿಡಿದುಕೊಂಡು ಹೋದರು. ಸುಳ್ಳು ಫೋಟೋಗಳೆಲ್ಲ ಅವಳ ಲಾಗಿನ್ನಿನಿಂದಲೇ ಏರಿದ್ದವು. ಅವಳೇ ಮಾಡಿದಳು, ಸಿಕ್ಕಿಬೀಳುತ್ತೇನೆಂದು ಹೆದರಿ ಊರ ಹಿರಿಯರ ಮೇಲೆ ಹಾಕಿದಳು ಎಂದು ಕೇಸು. ಹೇಳಿ ಮಾಡಿಸಿದವರು ದೂರುದಾರರಾದರು. ಪಟ್ಟಿ ರದ್ದಾಯಿತು. ದ್ಯಾಮವ್ವ ಗುಡಿಯ ಕಟ್ಟೆಯ ಮೇಲೆಯೇ ಆ ಚಳಿಗಾಲದಲ್ಲಿ ಸತ್ತಳು.

ಅಜ್ಜ ಒಬ್ಬ ವಕೀಲರನ್ನು ಹಿಡಿದು ನೀಲವ್ವನಿಗೆ ಹೇಳಿಕಳಿಸಿದರು: ಅವಳು ಒಪ್ಪಿದರೆ, ಅವಳೇ ಮೊದಲು ಬಂದು ಈ ಕಳ್ಳತನ ತೋರಿಸಿದಳೆಂದು ತಾವು ಕೋರ್ಟಿನಲ್ಲಿ ಹೇಳುವುದಾಗಿ. ಜೈಲಿನಿಂದ ಉತ್ತರ ಬಂತು: ಬ್ಯಾಡ, ಗಂಡನ ಮನಿಯವರು ಬಿಟ್ಟುಬಿಡತಾರ. ಅಜ್ಜ ಕೊಟ್ಟ ಮಾತು ಮುರಿಯಲಿಲ್ಲ. "ಆ ಹೆಸರು ಅಕಿದು. ಅಕಿ ಬಿಟ್ಟುಕೊಟ್ರ ಅಷ್ಟ ನನ್ನದು," ಎನ್ನುತ್ತಿದ್ದರು. ಗಂಡನ ಮನೆಯವರು ಹೇಗೂ ಬಿಟ್ಟರು. ಜಾಮೀನಿನ ಮೇಲೆ ಹೊರಗೆ ಬಂದವಳು ಅಣ್ಣನ ಮನೆಯ ಹಿತ್ತಲ ಕೋಣೆಗೆ ಬಂದಳು.

ಆ ಬೇಸಿಗೆಯ ಸೂಟಿಯಲ್ಲಿ ನೀವಿಬ್ಬರೂ ಬಂದಿದ್ದಿರಿ. ಬಸು, ಅಜ್ಜ ನಿನ್ನ ಪಾಟಿ ಕೇಳಿ ಇಸಿದುಕೊಂಡು ಎಡಗೈಯಿಂದ ಅ ಆ ತೀಡುತ್ತಿದ್ದರು. "ಅಜ್ಜಗ ಅ ಬರಾಂಗಿಲ್ಲ," ಎಂದು ನೀನು ಕುಣಿದಾಡಿದೆ. ಅಜ್ಜನೂ ನಕ್ಕು, "ಮಾಸ್ತರ, ಹೊಡೀಬ್ಯಾಡ್ರಿ," ಎಂದರು. ನಾನು ಅಡಿಗೆಮನೆಯಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಅವರ ಬಲಗೈಯ ಬೆರಳು ಮತ್ತೆ ಮಡಚಲಿಲ್ಲ. ಎಡಗೈಯಿಂದ ಬರೆದು ಪತ್ರಿಕೆಯನ್ನು ಮತ್ತೆ ತಂದರು, ಎರಡೇ ಪುಟ. ನಡುನಡುವೆ ವಾರಗಳು ತಪ್ಪಿದವು. ಕೊನೆಗೆ ನೀಲವ್ವ, "ಹೇಳ್ರಿ ಕಾಕಾ, ಇನ್ನ ಹೋಗೂದು ಏನೂ ಉಳಿದಿಲ್ಲ," ಎಂದಳು. ಆದರೆ ಕೇಸು ತಾರೀಖಿನಿಂದ ತಾರೀಖಿಗೆ ಹೋಯಿತು. ಸಾಕ್ಷಿಯ ಸರದಿ ಬರುವ ಮೊದಲೇ ಅಜ್ಜ ಎದೆನೋವು ಬಂದು ಹೋಗಿಬಿಟ್ಟರು. ಎರಡು ವರ್ಷವಾಯಿತು.

ಮೊನ್ನೆ ಕಾರ್ತೀಕದಲ್ಲಿ ನೀಲವ್ವ ಬಂದಳು. ಅದೇ ಪಡಸಾಲೆಯಲ್ಲಿ, ಅಜ್ಜನ ಫೋಟೋದ ಕೆಳಗೆ ಕೂತಳು. ಕೂದಲು ಅರ್ಧ ಬೆಳ್ಳಗಾಗಿದೆ. ನಾನು ಆರು ವರ್ಷ ನುಂಗಿಕೊಂಡಿದ್ದನ್ನು ಹೇಳಲು ಬಾಯಿ ತೆರೆದೆ.

"ನೀಲವ್ವಾ, ಅವತ್ತ ಚೀಲದಾಗ ಹಾಕಬ್ಯಾಡ ಅಂತ ನಾನ..."

"ಗೊತ್ತೈತ್ರಿ ಅಕ್ಕಾರ. ಬಸ್ಸು ಹತ್ತಿದ ಮ್ಯಾಲ ಚೀಲಕ್ಕ ಹಾಕಬೇಕಂತ ನಾನೂ ಕೈ ಹಚ್ಚಿದ್ನಿ. ಮನಸ್ಸ ಬರಲಿಲ್ಲ. ನನಗೂ ಉಡಿ ತುಂಬವರು ಅದಾರ ಅಂತ ಓಣಿ ಮಂದಿ ನೋಡಲಿ ಅನಿಸಿತ್ತು."

ಇಬ್ಬರೂ ಅತ್ತೆವು. ಅತ್ತು ಮುಗಿದ ಮೇಲೆ ಅವಳು ಸಣ್ಣ ದನಿಯಲ್ಲಿ ಕೇಳಿದಳು: "ಮುಂದಿನ ತಾರೀಖಿಗೆ ಸಾಕ್ಷಿ ಐತ್ರಿ. ದೂರು ಬರೂಕಿಂತ ಮೊದಲ ನಾನ ಕಾಗದ ತಂದು ಕೊಟ್ಟೆ ಅಂತ ಹೇಳವರು ಈಗ ನೀವೊಬ್ಬರ ಉಳದೀರಿ. ವಕೀಲರು ಕೇಳಿದ್ರು, ಅವರಿಗೆ ದಿನ ಹೆಂಗ ನೆನಪಿರತೈತಿ ಅಂತ. ನವರಾತ್ರಿ ಶುಕ್ರವಾರ ಉಡಿ ತುಂಬ್ಯಾರ್ರಿ, ಮರೆಯಂಗಿಲ್ಲ ಅಂದೆ."

ನಾನು ಹೂಂ ಎಂದೆ. ಅವಳ ಖಣವನ್ನು ಪೊಲೀಸರು ಒಯ್ಯಲಿಲ್ಲ. ಅವರಿಗೆ ಅದರ ಅರ್ಥ ಗೊತ್ತಿರಲಿಲ್ಲ. ಅವಳು ಅದನ್ನು ಹೊಲಿಸದೆ ಇಟ್ಟುಕೊಂಡಿದ್ದಾಳೆ. ಅದರ ಜೋಡಿ ನನ್ನ ಟ್ರಂಕಿನಲ್ಲಿದೆ.

ನನ್ನ ಹೆಸರನ್ನು ವಕೀಲರು ಸಾಕ್ಷಿಯೆಂದು ಕೋರ್ಟಿಗೆ ಕೊಟ್ಟು ಹದಿನೈದು ದಿನವಾಗಿರಲಿಲ್ಲ, ಸುಧಾ, ನೀನು ಫೋನು ಮಾಡಿದ ಹಿಂದಿನ ದಿನ ಹಾಡುಹಗಲೇ ಇಬ್ಬರು ಬಂದರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಹೊಸ್ತಿಲಲ್ಲಿ ನಿಂತವರಿಗೆ ನಾನು ರೂಢಿಯಂತೆ ನೀರು, ಬೆಲ್ಲ ಕೊಟ್ಟೆ. ಕುಡಿದರು. ಒಬ್ಬ ತಂಬಿಗೆ ಕೆಳಗಿಡುತ್ತ ಹೇಳಿದ:

"ಅಮ್ಮಾರ, ನಿಮ್ಮ ಮೊಮ್ಮಗಳಿಗೆ ಐದು ತಿಂಗಳಂತ. ಕೊಣ್ಣೂರಕ ಕೊಟ್ಟೀರಲ್ಲ, ಬಸ್ ಸ್ಟ್ಯಾಂಡಿನ ಹಿಂದಿನ ಮನಿ. ಕುಬುಸ ಯಾವಾಗ್ರಿ?"

ನಾನು ಖಾಲಿ ತಂಬಿಗೆ ಎತ್ತಿಕೊಂಡೆ.

"ಕೋರ್ಟು ಕಚೇರಿ ನಿಮ್ಮಂಥ ಹಿರ್ಯಾರಿಗೆ ಛಲೋ ಅಲ್ರಿ. ವಯಸ್ಸಾತು, ಮರತ ಹೋಗೇತಿ ಅಂದ್ರ ಮುಗೀತು," ಎಂದ ಇನ್ನೊಬ್ಬ.

ಸುಧಾ, ನಾನು ಫೋನು ಇಟ್ಟದ್ದು ಅದಕ್ಕೆ. ನನ್ನ ಕೈಯಿಂದ ಉಡಿ ತುಂಬಿಸಿಕೊಂಡವಳಿಗೆ ಏನಾಯಿತೆಂದು ನಾನು ನೋಡಿದ್ದೇನೆ. ನಿನ್ನ ಹೊಟ್ಟೆಯ ಕಡೆ ಆ ಕೈ ಚಾಚಲು ನನಗೆ ಆಗಲಿಲ್ಲ. ಮೂರು ದಿನ ಯೋಚಿಸಿದೆ. ಮರೆತುಹೋಗಿದೆ ಎಂದು ಹೇಳಿದರೆ ಯಾರೂ ಅನುಮಾನ ಪಡುವುದಿಲ್ಲ. ನಾಚಿಕೆಯ ಮುದುಕಿ, ಏಳನೆಯ ಇಯತ್ತೆ. ಆದರೆ ಅಜ್ಜ ಐದು ಬೆರಳು ಕೊಟ್ಟು ಮುಚ್ಚಿದ ಹೆಸರನ್ನು ನಾನು ಒಂದು ತುಂಡು ಬಟ್ಟೆಯಿಂದ ತೆರೆದವಳು. ಈಗ ಅದೇ ಹೆಸರನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದಾಗ ಮರೆತೆ ಎನ್ನಲೇ?

ಸೋಮು ನನ್ನ ಜೊತೆ ಬರುತ್ತಾನೆ. ನಿನ್ನ ಗಂಡನಿಗೆ ನಾನೇ ಎಲ್ಲ ಹೇಳಿದ್ದೇನೆ. ತಾರೀಖು ಮುಗಿಯುವವರೆಗೆ ನೀನು ನಿನ್ನವ್ವನ ಮನೆಯಲ್ಲಿರು, ಒಬ್ಬಳೇ ಎಲ್ಲಿಗೂ ಹೋಗಬೇಡ. ಬಸು, ಅಕ್ಕನ ಜೊತೆ ಇರು. ನನಗೆ ಏನಾದರೂ ಆದರೆ, ಬೈಕು ಜಾರಿತು, ಕಾಲು ಜಾರಿತು ಎಂದು ಯಾರಾದರೂ ಹೇಳಿದರೆ, ಈ ಕಾಗದ ನಿಮ್ಮ ಹತ್ತಿರ ಇರಲಿ.

ಖಣವನ್ನು ನಿನ್ನೆ ಬಿಸಿಲಿಗೆ ಹಾಕಿ ತೆಗೆದೆ. ಗಂಜಿ ಇನ್ನೂ ಗಟ್ಟಿ ಇದೆ, ಬಣ್ಣ ಒಂದಿಷ್ಟೂ ಮಾಸಿಲ್ಲ. ವಕೀಲರು, ಪ್ಲಾಸ್ಟಿಕ್ ಚೀಲದಾಗ ಹಾಕಿ ತಗೊಂಡ ಬರ್ರಿ ಎಂದಿದ್ದಾರೆ. ಇಲ್ಲ. ಹುಕ್ಕೇರಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕೋರ್ಟಿನ ಬಾಗಿಲವರೆಗೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತೇನೆ, ಕೆಂಪು ಅಂಚು ಹೊರಗೆ ಕಾಣುವ ಹಾಗೆ.